ಹಳೇ ಕಾರಿಗೆ ಭಾಗ ಹುಡುಕುತ್ತ ಜೆ.ಸಿ. ರಸ್ತೆಯಲ್ಲಿ

ಬೆಂಗಳೂರಿನ ಪುರಭವನದ ಬಳಿ ಬಸ್ಸಿಳಿದು, ರವೀಂದ್ರ ಕಲಾಕ್ಷೇತ್ರವನ್ನು ದಾಟಿ ಮಿನರ್ವ ವೃತ್ತದ ಕಡೆ ನಡೆದರೆ ಸಿಗುವುದೇ ಜೆ.ಸಿ. ರಸ್ತೆ. ಪೂರ್ತಿ ಹೆಸರು ಜಯಚಾಮರಾಜೇಂದ್ರ ರಸ್ತೆ. ಹಾಗೆಂದು ಹೇಳಿದರೆ ಆಟೋ ಚಾಲಕನೂ ಒಂದು ಕ್ಷಣ ಯೋಚಿಸಿಯಾನು. ನಾಟಕ ನೋಡಲು ಬರುವವರಿಗೆ ಇದು ಕಲಾಕ್ಷೇತ್ರದ ರಸ್ತೆ. ವಾಹನ ಇಟ್ಟುಕೊಂಡವರಿಗೆ ಬಿಡಿಭಾಗಗಳ ರಸ್ತೆ. ಈಗಂತೂ ಸೀಟು ಕವರು, ಮ್ಯಾಟು, ಸ್ಟೀರಿಯೋಗಳ ಅಂಗಡಿಗಳೇ ಎದ್ದು ಕಾಣುತ್ತವೆ. ಕಾರೊಂದು ನಿಧಾನವಾಗಿ ಬಂದರೆ ಸಾಕು, ಹುಡುಗರು ಕೈಬೀಸಿ ಕರೆಯುತ್ತಾರೆ.

ಹಳೇ ಕಾರನ್ನು ಮತ್ತೆ ಮೊದಲಿನಂತೆ ಮಾಡಲು ಹೊರಟವರಿಗೆ ಈ ಹೊಳಪಿನಿಂದ ಪ್ರಯೋಜನವಿಲ್ಲ. ಅವರು ಹೋಗಬೇಕಾದದ್ದು ಅಡ್ಡರಸ್ತೆಯ ಕಿರಿದಾದ ಅಂಗಡಿಗಳಿಗೆ. ಅಲ್ಲೂ ಸಿಗದಿದ್ದರೆ ಶಿವಾಜಿನಗರದ ಗುಜರಿಗೆ. ಹೀಗೆ ಅಲೆಯುವವರಲ್ಲಿ ಎಂಜಿನಿಯರಿಂಗ್ ಓದುವ ಹುಡುಗರೂ ಉಂಟು, ಅವರ ಹಿಂದೆ ಜೇಬು ಮುಟ್ಟಿ ನೋಡಿಕೊಳ್ಳುತ್ತ ಬರುವ ತಂದೆಯರೂ ಉಂಟು. ಮನೆಯ ಶೆಡ್ಡಿನಲ್ಲಿ ಅಜ್ಜನ ಕಾಲದ ಅಂಬಾಸಿಡರೋ ಫಿಯೆಟ್ಟೋ ದೂಳು ಹಿಡಿದು ನಿಂತಿರುತ್ತದೆ. ಅದನ್ನು ಓಡಿಸಬೇಕೆಂಬುದು ಮಗನ ಹಟ. ಖರ್ಚೆಷ್ಟು, ಅದು ಓಡಿದ ಮೇಲೆ ನಿಲ್ಲುತ್ತದೆಯೇ ಎಂಬುದು ಅಪ್ಪನ ಪ್ರಶ್ನೆ. ಎರಡನೆಯ ಪ್ರಶ್ನೆಯೇ ದೊಡ್ಡದು.

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರಲ್ಲಿ ನಿಂತುಹೋಯಿತು. ಮುಂಬಯಿಯ ಪ್ರೀಮಿಯರ್ ಕಂಪನಿಯ ಫಿಯೆಟ್ ಅದಕ್ಕೂ ಮೊದಲೇ ನಿಂತಿತ್ತು. ಎರಡೂ ದಶಕಗಳ ಕಾಲ ಒಂದೇ ರೂಪದಲ್ಲಿ ಬಂದವೆಂದು ನಂಬಿ ಅಂಗಡಿಗೆ ಹೋದವರು ಮೋಸಹೋಗುತ್ತಾರೆ. ಅಂಬಾಸಿಡರಿನ ಮಾರ್ಕ್ 1ರ ಮುಂಭಾಗದ ಜಾಲರಿಯೇ ಬೇರೆ, ಮಾರ್ಕ್ 4ರದೇ ಬೇರೆ. ಮೊದಲ ಫಿಯೆಟ್ಟುಗಳ ಮುಂದಿನ ಬಾಗಿಲು ಹಿಮ್ಮುಖವಾಗಿ ತೆರೆಯುತ್ತಿತ್ತು. 1964ರ ಡಿಲೈಟ್‌ನಲ್ಲಿ ಅದು ಬದಲಾಯಿತು. ಆದ್ದರಿಂದ ‘ಫಿಯೆಟ್ ಬಾಗಿಲಿನ ಹಿಡಿ ಕೊಡಿ’ ಎಂದರೆ ಅಂಗಡಿಯವರು ‘ಯಾವ ಫಿಯೆಟ್ಟು ಸಾರ್?’ ಎಂದು ಕೇಳಿಯೇ ಕೇಳುತ್ತಾರೆ. ಹಾಗೆ ಕೇಳದವರ ಅಂಗಡಿಯಿಂದ ಸುಮ್ಮನೆ ಇಳಿದುಬರುವುದು ಒಳ್ಳೆಯದು. ಚಾಸಿ ನಂಬರು ಬರೆದುಕೊಂಡು, ಕಳಚಿದ ಹಳೇ ಭಾಗವನ್ನು ಚೀಲದಲ್ಲಿ ಹಾಕಿಕೊಂಡು ಹೋದರೆ ಅರ್ಧ ಕೆಲಸ ಆದಂತೆ.

ಬೋಲ್ಟು ನಟ್ಟುಗಳಲ್ಲೂ ಎಚ್ಚರ ಬೇಕು. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಸಂತಾನ; ಅದರ ಲೆಕ್ಕ ಇಂಚಿನದು. ಇಟಲಿ ಮೂಲದ ಫಿಯೆಟ್ಟಿನದು ಮಿಲಿಮೀಟರು. ಇಂಚಿನ ಹದಿನಾರರಲ್ಲಿ ಐದು ಪಾಲಿನ ಬೋಲ್ಟೂ 8 ಮಿ.ಮೀ. ಬೋಲ್ಟೂ ಕಣ್ಣಿಗೆ ಒಂದೇ. ಒಂದರ ನಟ್ಟು ಇನ್ನೊಂದಕ್ಕೆ ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಸರಿಯಾಗಿ ಕೂತಿತೆಂದು ಸ್ಪ್ಯಾನರು ಹಾಕಿ ತಿರುಗಿಸಿದರೆ ಮರೆ ಕಿತ್ತುಹೋಗುತ್ತದೆ. ಸ್ಟೀರಿಂಗಿನ ಜಾಗದಲ್ಲಿ ಇದಾದರೆ ಗತಿಯೇನು?

ಈ ಬೀದಿಯಲ್ಲಿ ಹಳೇ ಕಾರಿನವರ ಆಸೆ ಕೆರಳಿಸುವುದು ‘ಹಳೇ ಕಂಪನಿ ಮಾಲು’. ಮೂವತ್ತು ನಲವತ್ತು ವರ್ಷ ಡಬ್ಬಿ ಒಡೆಯದೆ ಉಳಿದ ಅಸಲಿ ಭಾಗ. ಮದರಾಸಿನ ಪಾಡಿಯಲ್ಲಿ ತಯಾರಾದ ಲೂಕಾಸ್ ಟಿವಿಎಸ್ ಡೈನಮೋ, ಬೆಂಗಳೂರಿನ ಆಡುಗೋಡಿಯ ಮೈಕೋ ಹೆಸರಿನ ಸ್ಪಾರ್ಕ್ ಪ್ಲಗ್ಗು. (ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು, ಹಳಬರ ಬಾಯಲ್ಲಿ ಇಂದಿಗೂ ಅದು ಮೈಕೋ.) ಗೇರು, ಗಾಜು, ಪಿಸ್ಟನ್, ಪ್ಲಗ್ಗುಗಳನ್ನು ಹೀಗೆ ಕೊಳ್ಳಬಹುದು. ತುಕ್ಕು ಹಿಡಿಯದಿದ್ದರೆ ಲೋಹ ಡಬ್ಬಿಯೊಳಗೆ ಮುದಿಯಾಗದು.

ರಬ್ಬರ್ ಹಾಗಲ್ಲ. ಅದು ಕಾರಿನಲ್ಲಿದ್ದರೂ ಸರಿ, ಕಪಾಟಿನಲ್ಲಿದ್ದರೂ ಸರಿ, ಗಾಳಿಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಆ ಕಾಲದ ಬಹುಪಾಲು ಕಾರುಗಳಲ್ಲಿ ನಾಲ್ಕೂ ಚಕ್ರದ ಬ್ರೇಕಿಗೆ ಎಣ್ಣೆ ದೂಡುವುದು ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಮಾರ್ಗ. ಈಗಿನ ಕಾರುಗಳಂತೆ ಎರಡು ಪ್ರತ್ಯೇಕ ಮಾರ್ಗಗಳಿಲ್ಲ. ಎಲ್ಲಾದರೂ ಒಂದು ಕಡೆ ರಬ್ಬರ್ ಕಪ್ಪು ಸೋತರೆ ನಾಲ್ಕು ಚಕ್ರಗಳೂ ಒಟ್ಟಿಗೆ ಕೈಕೊಡುತ್ತವೆ. ಕಾರಿನ ಬಣ್ಣಕ್ಕೆ ಸಾವಿರಗಟ್ಟಲೆ ಸುರಿದವರು ಬ್ರೇಕಿನ ರಬ್ಬರ್ ಕಿಟ್ಟಿಗೆ ಚೌಕಾಸಿ ಮಾಡುವುದುಂಟು. ಇದಕ್ಕಿಂತ ಅವಿವೇಕ ಮತ್ತೊಂದಿಲ್ಲ. ಬ್ರೇಕಿನ ಕಿಟ್ಟು, ಹೋಸ್ ಪೈಪು ಇವೆರಡೂ ಇತ್ತೀಚೆಗೆ ತಯಾರಾದವೇ ಇರಬೇಕು, ಹೆಸರುಳ್ಳ ಕಂಪನಿಯವೇ ಇರಬೇಕು, ಬಿಲ್ಲೂ ಇರಬೇಕು. ಡಬ್ಬಿಯ ಮೇಲಿನ ಹೆಸರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇದ್ದರೆ, ಅಚ್ಚು ಮಸುಕಾಗಿದ್ದರೆ ಅದು ಡೂಪ್ಲಿಕೇಟು. ಜೋಡಿಸುವಾಗಲೂ ಎಂಜಿನ್ ಆಯಿಲ್ ತಾಕಿಸಬಾರದು. ಖನಿಜ ತೈಲ ತಾಕಿದರೆ ಈ ರಬ್ಬರ್ ಉಬ್ಬುತ್ತದೆ. ಬ್ರೇಕ್ ಎಣ್ಣೆಯನ್ನೇ ಸವರಬೇಕು. ರಸಾಯನಶಾಸ್ತ್ರದ ಪಾಠ ಇಲ್ಲಿ ಕೈಗೆ ಸಿಗುತ್ತದೆ.

ಪೆಟ್ರೋಲಿನ ಪೈಪಿನದೂ ಇದೇ ಕಥೆ, ಈಚಿನ ಒಂದು ತಿರುವಿನೊಂದಿಗೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. ಹಿಂದಿನವರು ಆ ಲೆಕ್ಕ ಹಾಕಿ ರಬ್ಬರ್ ಮಾಡಿರಲಿಲ್ಲ. ಪೆಟ್ರೋಲ್ ಪಂಪಿನ ಡಯಾಫ್ರಮ್ಮು, ಪೈಪು, ಕಾರ್ಬುರೇಟರಿನ ಸೀಲುಗಳು ಎಥನಾಲ್ ತಾಳುವಂಥವೇ ಎಂದು ಕೇಳಿ ಕೊಳ್ಳಬೇಕು. ಇಲ್ಲಿ ಅಸಲಿ ಹಳೇ ಮಾಲಿಗಿಂತ ಹೊಸದೇ ಮೇಲು.

ಗುಜರಿಯಲ್ಲಿ ಬಾಗಿಲು, ಮಡ್‌ಗಾರ್ಡು ಆರಿಸುವವರು ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡರೆ ಸಾಕು. ತಗಡಿಗೆ ಅದು ಟಕ್ಕನೆ ಅಂಟುತ್ತದೆ. ಬಣ್ಣದಡಿ ಪುಟ್ಟಿ ಮೆತ್ತಿದ್ದಲ್ಲಿ ಜಾರಿ ಬೀಳುತ್ತದೆ. ಎಂಜಿನ್ನಿನ ಪಿಸ್ಟನ್ನಿಗೆ ಇಷ್ಟು ಸುಲಭದ ಪರೀಕ್ಷೆ ಇಲ್ಲ. ಲೇತ್ ಅಂಗಡಿಯಲ್ಲಿ ಸಿಲಿಂಡರು ಅಳೆಸಿ, ಎಷ್ಟು ಓವರ್‌ಸೈಜ್ ಬೇಕೆಂದು ತಿಳಿದು ಪಿಸ್ಟನ್ ತಂದು, ಅದನ್ನು ಮುಂದಿಟ್ಟುಕೊಂಡೇ ಬೋರಿಂಗ್ ಮಾಡಿಸಬೇಕು. ಮೊದಲೇ ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕುತ್ತ ಜೆ.ಸಿ. ರಸ್ತೆ ಸುತ್ತುವವರ ಪಾಡು ಬೇಡ.

ಎಂಜಿನ್ನನ್ನೇ ಬದಲಿಸಿದರಾಯಿತು ಎನ್ನುವವರು ಕಾನೂನನ್ನೂ ನೋಡಬೇಕು. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳು. ಆದರೆ ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಹಾಗೆ ನೋಂದಣಿಯಾದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿಯಂಥ ಕೆಲಸಗಳಿಗೆ ಮಾತ್ರ. ಆದ್ದರಿಂದ ಸವೆದ ಎಂಜಿನ್ನನ್ನು ಗುಜರಿಗೆ ಹಾಕುವ ಮುನ್ನ ಎರಡು ಸಲ ಯೋಚಿಸಬೇಕು.

ಎಲ್ಲ ಜೋಡಣೆ ಮುಗಿದ ದಿನ ಮನೆಯವರೆಲ್ಲ ಕಾರು ಹತ್ತಲು ತಯಾರಾಗಿರುತ್ತಾರೆ. ಅದಕ್ಕೂ ಮೊದಲು ನಿಂತ ಕಾರಿನಲ್ಲೇ ಕೂತು ಬ್ರೇಕ್ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಬೇಕು. ಅಷ್ಟರಲ್ಲಿ ಇನ್ನೊಬ್ಬರು ಬಗ್ಗಿ ನಾಲ್ಕೂ ಚಕ್ರದ ಒಳಬದಿಯಲ್ಲಿ ಎಣ್ಣೆ ಸೋರುತ್ತಿದೆಯೇ ಎಂದು ನೋಡಬೇಕು. ಪೆಡಲು ಮೆಲ್ಲಗೆ ಕೆಳಗಿಳಿಯತೊಡಗಿದರೆ ಅಂದಿನ ಸವಾರಿ ರದ್ದು. ಹಳೇ ಕಪ್ಪನ್ನು ಚೀಲಕ್ಕೆ ಹಾಕಿಕೊಂಡು ಮತ್ತೆ ಜೆ.ಸಿ. ರಸ್ತೆಗೆ.