ತಾಳಗುಂದದ ಒಳದಾರಿ

ಅರವತ್ತರ ಹತ್ತಿರ ಬಂದ ಹೆಂಗಸು ಸೈಕಲ್ಲು ಹತ್ತಿ ಊರು ಸುತ್ತಿ ಬಂದಳೆಂದರೆ ನೀವು ನಗಬಹುದು. ನಮ್ಮ ಅತ್ತಿಗೆಯೂ ನಕ್ಕರು. "ಸೊಂಟ ಉಳುಕಿಸಿಕೊಂಡು ಬಂದು ಎಣ್ಣೆ ತಿಕ್ಕು ಅಂದ್ರೆ ನಾ ತಿಕ್ಕೋದಿಲ್ಲ ನೋಡಮ್ಮ" ಎಂದು ಮೊದಲೇ ಹೇಳಿಬಿಟ್ಟರು. ಸೊಂಟ ಉಳುಕಲಿಲ್ಲ. ಮೊಣಕಾಲು ಎರಡು ದಿನ ನೋಯಿತು, ಅಷ್ಟೆ. ಆದರೆ ನಲವತ್ತೈದು ವರ್ಷಗಳಿಂದ ಒಳಗೇ ನೋಯುತ್ತಿದ್ದ ಇನ್ನೊಂದು ಕಡೆ ಸ್ವಲ್ಪ ಹಗುರವಾಯಿತು. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ದೀಪಾವಳಿಗೆಂದು ತವರಿಗೆ ಹೋಗಿದ್ದೆ. ನನ್ನ ತವರು ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಆಸುಪಾಸಿನ ಒಂದು ಹಳ್ಳಿ. ಅಣ್ಣನ ಮಗಳೂ ಶಿವಮೊಗ್ಗದಿಂದ ರಜ ಹಾಕಿ ಬಂದಿದ್ದಳು. ಹಬ್ಬದ ಮರುದಿನ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದ ಎರಡು ಸೈಕಲ್ಲುಗಳನ್ನು ಎಳೆದು ತಂದು ಒರೆಸತೊಡಗಿದಳು. ಒಂದು ಅವರಪ್ಪನ ಹಳೆಯ ಬಾರು ಸೈಕಲ್ಲು. ಇನ್ನೊಂದು ಇವಳು ಎಂಟನೇ ತರಗತಿಯಲ್ಲಿದ್ದಾಗ ಸರ್ಕಾರ ಕೊಟ್ಟದ್ದು. ಶಿಕಾರಿಪುರದಿಂದ ಆರಿಸಿ ಬರುತ್ತಿದ್ದ ಯಡಿಯೂರಪ್ಪನವರು ಹಣಕಾಸು ಮಂತ್ರಿಯಾಗಿದ್ದಾಗ, 2006-07ರಲ್ಲಿ, ಹೈಸ್ಕೂಲು ಹೆಣ್ಣುಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಶುರುವಾಗಿತ್ತು. ಆ ಸೈಕಲ್ಲಿನಲ್ಲಿ ಹೈಸ್ಕೂಲು ಮುಗಿಸಿದ ಹುಡುಗಿ ಕಾಲೇಜು ಕಂಡು, ಈಗ ತನ್ನ ಸಂಬಳ ತಾನು ಎಣಿಸಿಕೊಳ್ಳುತ್ತಾಳೆ.

"ಅತ್ತೆ, ನಾಳೆ ಬೆಳಗ್ಗೆ ತಾಳಗುಂದಕ್ಕೆ ಹೋಗೋಣ್ವಾ? ಸೈಕಲ್ಲಲ್ಲಿ. ನಿಮಗೆ ಬರುತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಜಗಲಿಯ ಮೇಲೆ ಕೂತಿದ್ದ ಅಣ್ಣ, "ನನಗಿಂತ ಚೆನ್ನಾಗಿ ಬರ್ತಿತ್ತು ಅವಳಿಗೆ" ಎಂದ. ಹೇಳಿದವನು ಪೇಪರಿನಿಂದ ಮುಖ ಎತ್ತಲಿಲ್ಲ.

ಬರುತ್ತಿತ್ತು, ನಿಜ. ನಾನು ಆರನೇ ತರಗತಿಯಲ್ಲಿದ್ದಾಗ ಶಿರಾಳಕೊಪ್ಪದ ಬಾಡಿಗೆ ಸೈಕಲ್ ಅಂಗಡಿಯಲ್ಲಿ ಗಂಟೆಗೆ ನಾಲ್ಕಾಣೆ. ಸಂತೆಗೆ ಹೋದಾಗ ಅಣ್ಣನ ಹಿಂದೆ ಬಿದ್ದು, ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುವುದನ್ನು ಕಲಿತೆ. ಮೊಣಕೈ ತರಚಿದ್ದಕ್ಕೆ ಲೆಕ್ಕವಿಲ್ಲ. ಅಪ್ಪ ಒಂದು ಸೈಕಲ್ಲು ಕೊಂಡಾಗ ಅಣ್ಣ, ನಾನು ಸರದಿಯ ಮೇಲೆ ತುಳಿದುಕೊಂಡು ಹೈಸ್ಕೂಲಿಗೆ ಹೋದೆವು. ಹೋಗುವಾಗ ಅವನು ತುಳಿದರೆ ನಾನು ಕ್ಯಾರಿಯರ್ ಮೇಲೆ; ಬರುವಾಗ ನಾನು, ಅವನು ಹಿಂದೆ. ಒಂಬತ್ತನೇ ತರಗತಿಯ ಹೊತ್ತಿಗೆ ನಾನು ದೊಡ್ಡವಳಾದೆ. ಅಂಗಡಿ ಕಟ್ಟೆಯ ಮೇಲೆ ಕೂತವರು ಯಾರೋ ಅಣ್ಣನಿಗೆ ಏನೋ ಅಂದರಂತೆ. ಅವನು ಮನೆಗೆ ಬಂದು, "ಇವಳು ಸೈಕಲ್ ಹೊಡೆದ್ರೆ ನಾನು ಶಾಲೆಗೆ ಹೋಗಲ್ಲ" ಎಂದು ಅಪ್ಪನ ಮುಂದೆ ಹಟ ಹಿಡಿದ. ಅಪ್ಪ ನನ್ನನ್ನು ಬೈಯಲಿಲ್ಲ. ಸೈಕಲ್ಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದರು. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು. ಮಳೆಗಾಲದಲ್ಲಿ ಅದೂ ಖಾತ್ರಿಯಿಲ್ಲ. ಮೂರು ತಿಂಗಳು ಕಾದು ಕಾದು ಶಾಲೆ ನಿಂತೇಹೋಯಿತು. ಎಸ್.ಎಸ್.ಎಲ್.ಸಿ.ಯನ್ನು ಮದುವೆಯಾದ ಮೇಲೆ ಮನೆಯಲ್ಲೇ ಓದಿ ಕಟ್ಟಿ ಪಾಸು ಮಾಡಿಕೊಂಡೆ.

ಅದೇ ಅಣ್ಣ ತನ್ನ ಮಗಳ ಸೈಕಲ್ಲಿನ ಕ್ಯಾರಿಯರ್ ಹಿಡಿದುಕೊಂಡು ಅಂಗಳದ ತುಂಬ ಓಡುತ್ತಿದ್ದುದನ್ನು ಒಂದು ದಿನ ಕಣ್ಣಾರೆ ನೋಡಿದೆ. ಹುಡುಗಿ ಕೇಕೆ ಹಾಕುತ್ತಿದ್ದಳು. ನನಗೆ ಸಂತೋಷವಾಗಲಿಲ್ಲವೆಂದರೆ ಸುಳ್ಳು. ಒಳಗೆ ಮುಳ್ಳು ಮುರಿಯಲಿಲ್ಲವೆಂದರೂ ಸುಳ್ಳೇ. ಒಲೆಯ ಮೇಲೆ ಹಾಲಿದೆ ಎಂದು ನೆಪ ಹೇಳಿ ಒಳಗೆ ಹೋಗಿದ್ದೆ.

ಇರಲಿ. ಮಾರನೆಯ ದಿನ ಆರು ಗಂಟೆಗೇ ಹೊರಟೆವು. ಸೀರೆಯ ನೆರಿಗೆ ಚೈನಿಗೆ ಸಿಕ್ಕಿದರೆ ಕಥೆ ಮುಗಿಯಿತೆಂದು ಹುಡುಗಿ ತನ್ನದೊಂದು ಚೂಡಿದಾರ್ ತೊಡಿಸಿದಳು. ಕನ್ನಡಿಯಲ್ಲಿ ನೋಡಿಕೊಂಡಾಗ ಯಾರೋ ಮನೆಗೆ ಬಂದ ನೆಂಟರ ಹಾಗೆ ಕಂಡೆ. ಬಾರು ಸೈಕಲ್ಲನ್ನು ಅವಳು ಹಿಡಿದಳು, ಸರ್ಕಾರದ್ದು ನನಗೆ. ಮೊದಲ ನೂರು ಗಜ ಹ್ಯಾಂಡಲು ಹಾವಿನಂತೆ ಹರಿದಾಡಿತು. ಆಮೇಲೆ ಕಾಲಿಗೆ ತಾನೇ ನೆನಪು ಬಂತು.

ಶಿಕಾರಿಪುರ-ಶಿರಾಳಕೊಪ್ಪದ ದೊಡ್ಡ ರಸ್ತೆಯಲ್ಲಿ ಲಾರಿ, ಬಸ್ಸುಗಳ ಗಾಳಿಗೇ ನಮ್ಮಂಥವರು ಚರಂಡಿಗೆ ಬೀಳಬೇಕು. ನಾವು ಹಿಡಿದದ್ದು ಒಳದಾರಿ. ಕೆರೆ ಏರಿಯ ಮೇಲೆ ಹೋಗಿ, ಗದ್ದೆ ಬಯಲಿಗಿಳಿದು, ಊರೊಳಗೆ ನುಗ್ಗಿ, ಮತ್ತೆ ಇನ್ನೊಂದು ಕೆರೆ ಏರಿ ಹತ್ತುವ ದಾರಿ. ಇಂಗ್ಲೆಂಡಿನಲ್ಲಿ ರೈಲು ನಿಂತುಹೋದ ಹಳಿಯ ಜಾಡನ್ನೇ ಸೈಕಲ್ ದಾರಿ ಮಾಡಿದ್ದಾರೆ, ಮೋಟಾರು ಗಾಡಿಗಳಿಗೆ ಅಲ್ಲಿ ಪ್ರವೇಶವಿಲ್ಲ ಎಂದು ಓದಿದ್ದೆ. ನಮ್ಮಲ್ಲಿ ಕೆರೆ ಕಟ್ಟಿಸಿದವರೂ ಎತ್ತಿನ ಗಾಡಿ ಹೊಡೆದವರೂ ಅಂಥ ದಾರಿಯನ್ನು ಎಂದೋ ಮಾಡಿಟ್ಟು ಹೋಗಿದ್ದಾರೆ. ಎದುರಿಗೆ ಬಂದದ್ದು ಹಾಲಿನ ಕ್ಯಾನಿನ ಒಂದು ಬೈಕು, ಎರಡು ಗಾಡಿ, ಲೆಕ್ಕವಿಲ್ಲದಷ್ಟು ಎಮ್ಮೆ. ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿ ಒಣಗಿಸಿದ್ದರು. ಕಾಯಲು ಕೂತ ಅಜ್ಜಿ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಲ್ಲಿಗೆ ಹೊಂಟೀರೆ ಅಮ್ಮಾ ಗಂಡುಗಚ್ಚೆ ಕಟ್ಟಿಕೊಂಡು?" ಎಂದಳು. "ಗುಡಿಗೆ ಅಜ್ಜಿ" ಎಂದೆ. "ಜ್ವಾಳ ತುಳೀದಂಗೆ ಹೋಗ್ರಿ" ಎಂದಳು. ಅವಳಿಗೆ ತಕರಾರಿದ್ದದ್ದು ಜೋಳದ ಬಗ್ಗೆ ಮಾತ್ರ. ನಲವತ್ತೈದು ವರ್ಷದಲ್ಲಿ ಇಷ್ಟಾಗಿದೆಯಲ್ಲ ಎನಿಸಿತು.

ಬಳ್ಳಿಗಾವಿಯಲ್ಲಿ ಇಳಿದೆವು. ಅಲ್ಲಮಪ್ರಭುವಿನ ಊರೆಂದು ಹೇಳುವ ಊರು. ಕೇದಾರೇಶ್ವರ ಗುಡಿಯ ತಣ್ಣನೆಯ ಕಲ್ಲಿಗೆ ಒರಗಿ ನೀರು ಕುಡಿದೆವು. ಇಲ್ಲಿಯ ಕೋಡಿಯಮಠದಲ್ಲಿ ಕಾಳಾಮುಖ ಗುರುಗಳು ವಿದ್ಯೆ ಹೇಳುತ್ತಿದ್ದರು. ಬಂದವರಿಗೆ ಅನ್ನವೂ ರೋಗಿಗಳಿಗೆ ಔಷಧಿಯೂ ಸಿಗುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. 1060ರಲ್ಲಿ ನೆಟ್ಟ ಗಂಡಭೇರುಂಡದ ಕಂಬ ಇನ್ನೂ ನೆಟ್ಟಗೆ ನಿಂತಿದೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ಸೀಮೆಯಲ್ಲಿ. ಅಲ್ಲಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದು ಹೋದವಳ ಮುಂದೆ ನಮ್ಮ ನಾಲ್ಕು ಮೈಲಿ ಯಾವ ಲೆಕ್ಕ?

ತಾಳಗುಂದ ಮುಟ್ಟಿದಾಗ ಮಂಜು ಕರಗಿ ಬಿಸಿಲು ಬಂದಿತ್ತು. ಹಳೆಯ ಹೆಸರು ಸ್ಥಾನಕುಂದೂರು. ಪ್ರಣವೇಶ್ವರ ಗುಡಿ ದೊಡ್ಡದೇನಲ್ಲ. ಗುಡಿಯ ಮುಂದೆ ಎಂಟು ಮುಖದ ಕಂಬ. ಐದನೆಯ ಶತಮಾನದಲ್ಲಿ ಕದಂಬರ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯ ಅದರ ಮೈಮೇಲಿದೆ. ಒಟ್ಟು 34 ಪದ್ಯ. ಸಾಲುಗಳು ಅಡ್ಡಕ್ಕಿಲ್ಲ, ಬುಡದಿಂದ ಮೇಲಕ್ಕೆ ಹತ್ತುತ್ತವೆ. ಕುತ್ತಿಗೆ ಓರೆ ಮಾಡಿ ನೋಡಿದೆವು. ಅಕ್ಷರ ಒಂದೂ ತಿಳಿಯಲಿಲ್ಲ, ಕಥೆ ಮಾತ್ರ ಗೊತ್ತಿತ್ತು.

ಈ ಊರಿನ ಮಯೂರಶರ್ಮನೆಂಬ ಹುಡುಗ ಗುರು ವೀರಶರ್ಮರ ಜೊತೆ ಓದಲಿಕ್ಕೆಂದು ಕಂಚಿಗೆ ಹೋದ. ಅಲ್ಲಿನ ಘಟಿಕೆಯನ್ನು ಸೇರಿದ. ಪಲ್ಲವರ ಒಬ್ಬ ಕುದುರೆ ಸವಾರನೊಡನೆ ಜಗಳವಾಯಿತು. ಅವಮಾನ ತಾಳದೆ ಕತ್ತಿ ಹಿಡಿದ, ರಾಜ್ಯ ಕಟ್ಟಿದ. ಶಾಲೆಯಲ್ಲಿ ಈ ಪಾಠ ಓದಿದಾಗ ನನಗೆ ಕತ್ತಿಯ ಭಾಗವೇ ಇಷ್ಟವಾಗಿತ್ತು. ಈಗ ಕಂಬದ ಮುಂದೆ ನಿಂತಾಗ ಮೊದಲ ಸಾಲೇ ಹಿಡಿದು ನಿಲ್ಲಿಸಿತು. ಓದಲಿಕ್ಕೆ ಒಬ್ಬ ಹುಡುಗ ತಾಳಗುಂದದಿಂದ ಕಂಚಿಯವರೆಗೆ ಹೋದ. ನನಗೆ ಶಿರಾಳಕೊಪ್ಪದವರೆಗೆ ಹೋಗಲಾಗಲಿಲ್ಲ.

ಬಾಯಿ ಬಿಟ್ಟು ಹೇಳಿಯೇಬಿಟ್ಟೆ. ಹುಡುಗಿ ಕೇಳಿ ಸುಮ್ಮನೆ ನಿಂತಳು. ಆಮೇಲೆ ಮೆಲ್ಲಗೆ, "ಅಪ್ಪ ಹೀಗೆ ಮಾಡಿದ್ರು ಅಂತ ಯಾರೂ ಹೇಳಿಲ್ಲ ಅತ್ತೆ" ಎಂದಳು. ಅವಳ ಅಪ್ಪನ ಮೇಲೆ ಅವಳಿಗೆ ಬೇಸರ ಹುಟ್ಟಿಸುವುದು ನನಗೆ ಬೇಕಿರಲಿಲ್ಲ. "ಅವನಿಗೆ ಆಗ ಹದಿನಾರು ವರ್ಷ ಕಣೆ" ಎಂದೆ. ಈ ಮಾತು ಅವಳಿಗಿಂತ ಹೆಚ್ಚು ನನಗೇ ಕೇಳಿಸಿತು. ಇಷ್ಟು ದಿನ ನಾನು ಸಿಟ್ಟು ಮಾಡಿಕೊಂಡದ್ದು ಈಗಿನ ನರೆಗೂದಲಿನ ಅಣ್ಣನ ಮೇಲೆ. ಹಟ ಮಾಡಿದವನು ಕಟ್ಟೆಯವರ ಮಾತಿಗೆ ಹೆದರಿದ ಒಬ್ಬ ಹುಡುಗ.

ಗುಡಿಯ ಕೊಳ ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಕಟ್ಟಿಸಿದ್ದು. 2013ರಲ್ಲಿ ಇಲ್ಲಿ ಅಗೆದಾಗ ಸಿಂಹದ ಕಟಾಂಜನದ ಮೇಲೆ ಇನ್ನೊಂದು ಶಾಸನ ಸಿಕ್ಕಿತು. ಅದರಲ್ಲಿ ಕನ್ನಡವೂ ಇದೆ, ಸುಮಾರು ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯದು ಎಂದು ಪುರಾತತ್ವ ಇಲಾಖೆಯವರು ಹೇಳಿದ್ದಾರೆ. ಅಷ್ಟು ಹಳೆಯ ಕನ್ನಡವನ್ನು ಮಣ್ಣೊಳಗೆ ಇಟ್ಟುಕೊಂಡು ಈ ಊರು ಗದ್ದೆ ಉತ್ತುಕೊಂಡು ಸುಮ್ಮನಿತ್ತಲ್ಲ ಎಂದು ಹುಡುಗಿ ಬೆರಗಾದಳು. ಬುತ್ತಿಯ ರೊಟ್ಟಿ, ಚಟ್ನಿಪುಡಿ ತಿಂದು ಹಿಂದಿರುಗಿದೆವು.

ದಾರಿಯಲ್ಲಿ ಅವಳಿಗೆ ಪುದುಕ್ಕೋಟ್ಟೈಯ ಸುದ್ದಿ ಹೇಳಿದೆ. 1990ರ ದಶಕದ ಮೊದಲಲ್ಲಿ ತಮಿಳುನಾಡಿನ ಆ ಜಿಲ್ಲೆಯಲ್ಲಿ ಅಕ್ಷರ ಕಲಿಸುವ ಚಳವಳಿ ನಡೆದಾಗ ಕಲೆಕ್ಟರಾಗಿದ್ದ ಶೀಲಾ ರಾಣಿ ಚುಂಕತ್ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಲು ಮುಂದಾದರು. ಸಾವಿರಾರು ಹೆಂಗಸರು ಕಲಿತರು. ನೀರಿನ ಕೊಡ, ಮಗು, ಸೊಪ್ಪಿನ ಹೊರೆ ಎಲ್ಲವೂ ಸೈಕಲ್ ಹತ್ತಿದವು. ಬಸ್ಸಿಗೆ ಕಾಯುವುದು ತಪ್ಪಿತು. ಬಸ್ಸಿಗೆ ಕಾಯುವುದೆಂದರೇನು ಎಂಬುದು ಕಾದವರಿಗೇ ಗೊತ್ತು.

ಮನೆ ಸೇರಿದಾಗ ಅಣ್ಣ ಬಾಗಿಲಲ್ಲೇ ನಿಂತಿದ್ದ. ನನ್ನ ಕೈಯಿಂದ ಸೈಕಲ್ಲು ತೆಗೆದುಕೊಂಡು ಸ್ಟ್ಯಾಂಡು ಹಾಕಿದ. ಹುಡುಗಿ ಒಳಗೆ ಹೋದ ಮೇಲೆ, ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತ, "ಅವತ್ತು ಅಪ್ಪನ ಹತ್ರ ನಾನು ಹಂಗೆ ಹೇಳಬಾರದಿತ್ತು" ಎಂದ. ಇಷ್ಟು ವರ್ಷ ಈ ಮಾತಿಗೆ ಏನೇನೋ ಉತ್ತರ ಕಟ್ಟಿಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ತಪ್ಪಿದ ಶಾಲೆ ಈಗ ಬರುವುದಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತು. "ಚೈನು ಕಿರ್ ಅಂತದೆ, ಸ್ವಲ್ಪ ಎಣ್ಣೆ ಬಿಡಣ್ಣ" ಎಂದೆ. ಅವನು ಎಣ್ಣೆ ತರಲು ಹೋದ.

ಮುಂದಿನ ಸಲ ಬಂದಳಿಕೆಗೆ ಹೋಗುವುದೆಂದು ಮಾತಾಗಿದೆ. ಹತ್ತನೆಯ ಶತಮಾನದ ಆರಂಭದಲ್ಲಿ ಗಂಡ ಸತ್ತ ಮೇಲೆ ಜಕ್ಕಿಯಬ್ಬೆಯೆಂಬವಳು ನಾಗರಖಂಡ ಎಪ್ಪತ್ತರ ಆಡಳಿತ ನಡೆಸಿದಳೆಂದು ಅಲ್ಲಿಯ ಕಲ್ಲು ಹೇಳುತ್ತದಂತೆ. ದಾರಿ ದೂರ, ಕಾಡು, ಏರುಪೇರು. ಮೊಣಕಾಲಿಗೆ ಈಗಿನಿಂದಲೇ ಎಣ್ಣೆ ತಿಕ್ಕುತ್ತಿದ್ದೇನೆ. ನಿಮ್ಮ ಮನೆಯ ಮೂಲೆಯಲ್ಲೂ ಮಕ್ಕಳು ಬಿಟ್ಟುಹೋದ ಒಂದು ಸೈಕಲ್ಲು ಇದ್ದೀತು. ಒಮ್ಮೆ ಗಾಳಿ ಹೊಡೆಸಿ ನೋಡಿ.