ಇ ಗುಂಪಿನ ಶಿಲ್ಕು

1986ರ ಮೆಕ್ಸಿಕೊ ವಿಶ್ವಕಪ್ ನಮ್ಮೂರಿಗೆ ಬಂದದ್ದು ಬಸ್ಸಿನಲ್ಲಿ, ಪತ್ರಿಕೆಯ ಕಟ್ಟಿನ ಜೊತೆ. ಅಲ್ಲಿ ಮಟಮಟ ಮಧ್ಯಾಹ್ನ ಶುರುವಾದ ಆಟ ನಮಗೆ ರಾತ್ರಿ ಹನ್ನೊಂದೂವರೆ. ಅದು ಮುಗಿಯುವಷ್ಟರಲ್ಲಿ ಮಲೆನಾಡಿನ ಕಡೆ ಹೊರಡುವ ಪತ್ರಿಕೆ ಅಚ್ಚಾಗಿಬಿಟ್ಟಿರುತ್ತಿತ್ತು. ಹಾಗಾಗಿ ನಮಗೆ ಸಿಗುವ ಫಲಿತಾಂಶವೆಲ್ಲ ಒಂದು ದಿನ ಹಳತು. ಟೀವಿ ಇದ್ದ ಒಂದೆರಡು ಮನೆಯವರು ಜೂನ್ ಮಳೆಯಲ್ಲಿ ಮಾಡು ಹತ್ತಿ ಆಂಟೆನಾ ತಿರುಗಿಸುವುದರಲ್ಲೇ ಇದ್ದರು.

ಕ್ರೀಡಾಪುಟ ನನ್ನ ಕೈಗೆ ಬರುವ ಮೊದಲು ಸೋದರಮಾವನ ಕೈಗೆ ಹೋಗುತ್ತಿತ್ತು. ಸೊಸೈಟಿಯಲ್ಲಿ ಲೆಕ್ಕ ಬರೆಯುವವರು. ಚೆಂಡನ್ನು ಕಾಲಲ್ಲಿ ಮುಟ್ಟಿದವರಲ್ಲ, ಆಫ್‌ಸೈಡ್ ಏನೆಂದು ಕೇಳಿದವರೂ ಅಲ್ಲ. ಅಂಕಪಟ್ಟಿ ಕಂಡರೆ ಮಾತ್ರ ಕನ್ನಡಕ ಏರಿಸುತ್ತಿದ್ದರು. ಅವರಿಗೆ ಹುಚ್ಚು ಹಿಡಿಸಿದ್ದು ಇ ಗುಂಪು: ಪಶ್ಚಿಮ ಜರ್ಮನಿ, ಉರುಗ್ವೆ, ಡೆನ್ಮಾರ್ಕ್, ಸ್ಕಾಟ್ಲೆಂಡ್.

ಉರುಗ್ವೆಯ ಕೋಚ್ ಒಮರ್ ಬೊರಾಸ್ ಇದಕ್ಕೆ ‘ಸಾವಿನ ಗುಂಪು’ ಎಂದು ಹೆಸರಿಟ್ಟಿದ್ದರು. ಸುಮ್ಮನೆ ಅಲ್ಲ. ಜರ್ಮನಿ ಹಿಂದಿನ ಸಲದ ರನ್ನರ್ ಅಪ್, ಉರುಗ್ವೆ 1983ರ ಕೋಪಾ ಅಮೆರಿಕ ಗೆದ್ದ ತಂಡ. ಡೆನ್ಮಾರ್ಕಿಗೆ ಇದು ಮೊದಲ ವಿಶ್ವಕಪ್ಪೇ ಆದರೂ ಎರಡು ವರ್ಷದ ಹಿಂದೆ ಯೂರೋ ಕಪ್ಪಿನ ಸೆಮಿಫೈನಲ್ ಆಡಿತ್ತು. ಸ್ಕಾಟ್ಲೆಂಡನ್ನು ಅಲೆಕ್ಸ್ ಫರ್ಗ್ಯೂಸನ್ ನೋಡಿಕೊಳ್ಳುತ್ತಿದ್ದರು. ಅವರಿಗಿಂತ ಮುಂಚೆ ಇದ್ದ ಜಾಕ್ ಸ್ಟೀನ್ ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಕಾರ್ಡಿಫ್‌ನ ಪಂದ್ಯ ಮುಗಿಯುತ್ತಿದ್ದಂತೆಯೇ ತೀರಿಕೊಂಡಿದ್ದರು.

ಡೆನ್ಮಾರ್ಕ್ ಆಡಿದ ಮೂರನ್ನೂ ಗೆದ್ದಿತು. ಉರುಗ್ವೆಗೆ ಅದು ಹೊಡೆದದ್ದು ಆರು ಗೋಲು, ಅದರಲ್ಲಿ ಮೂರು ಎಲ್ಕ್ಯೇರ್‌ನದು. ಆಗ ಗೆಲುವಿಗೆ ಎರಡೇ ಅಂಕ. ಕೊನೆಗೆ ಡೆನ್ಮಾರ್ಕ್ 6, ಜರ್ಮನಿ 3, ಉರುಗ್ವೆ 2, ಸ್ಕಾಟ್ಲೆಂಡ್ 1. ಆರು ಗುಂಪುಗಳ ಮೂರನೆಯವರಲ್ಲಿ ನಾಲ್ವರಿಗೆ ಮುಂದಿನ ಸುತ್ತು ಎಂಬ ನಿಯಮ ಇದ್ದದ್ದರಿಂದ ಉರುಗ್ವೆಯೂ ದಾಟಿಕೊಂಡಿತು.

“ಎರಡು ಗೋಲು ಕೊಟ್ಟು ಏಳು ತಿಂದಾನೆ, ಒಂದು ಆಟಾನೂ ಗೆದ್ದಿಲ್ಲ, ಪಾಸಂತೆ! ಇದ್ಯಾವ ಆಡಿಟ್ಟೋ ಮಾರಾಯ?” ಎಂದರು ಮಾವ. ನನಗೂ ಈ ನಿಯಮ ಇವತ್ತಿಗೂ ಸೇರುವುದಿಲ್ಲ. 2026ಕ್ಕೆ 48 ತಂಡ ಮಾಡಿ, ಮೂರನೆಯವರಲ್ಲಿ ಎಂಟು ಮಂದಿಗೆ ಬಾಗಿಲು ತೆರೆದಿದ್ದಾರೆ. ಸಾವಿನ ಗುಂಪಿನಲ್ಲಿ ಸಾಯುವವರು ಯಾರು ಇನ್ನು?

ಗುಂಪಿನ ಕೊನೆಯ ಎರಡು ಪಂದ್ಯ ಒಂದೇ ಹೊತ್ತಿಗೆ ನಡೆಯಬೇಕೆಂಬ ಕಟ್ಟಳೆ ಬಂದದ್ದೂ 1986ರಲ್ಲೇ. ಕಾರಣ ಇದೇ ಜರ್ಮನಿ. 1982ರಲ್ಲಿ ಸ್ಪೇನಿನ ಹಿಹೋನ್‌ನಲ್ಲಿ ಆಸ್ಟ್ರಿಯಾ ಮೇಲೆ ಹತ್ತನೇ ನಿಮಿಷಕ್ಕೆ ಒಂದು ಗೋಲು ಹೊಡೆದು, ಅಷ್ಟು ಇಬ್ಬರಿಗೂ ಸಾಕೆಂದು ಉಳಿದ ಹೊತ್ತು ಚೆಂಡನ್ನು ಅತ್ತಿತ್ತ ತಳ್ಳುತ್ತ ಕಳೆದವರು. ಹಿಂದಿನ ದಿನವೇ ತನ್ನ ಆಟ ಮುಗಿಸಿದ್ದ ಅಲ್ಜೀರಿಯ ಅದರಿಂದ ಮನೆಗೆ ಹೋಯಿತು.

ಇ ಗುಂಪಿನ ಆಟಗಳ ತುಣುಕುಗಳನ್ನು ನಾನು ಕಣ್ಣಾರೆ ಕಂಡದ್ದು ತಲೆ ನರೆತ ಮೇಲೆ, ಫೋನಿನಲ್ಲಿ. ಜರ್ಮನಿಗೆ ಗೋಲು ಹೊಡೆದ ಗಾರ್ಡನ್ ಸ್ಟ್ರಾಕನ್ ಖುಷಿಗೆ ಜಾಹೀರಾತು ಹಲಗೆ ಹಾರಿ ಪ್ರೇಕ್ಷಕರತ್ತ ಹೋಗಲು ಓಡುತ್ತಾನೆ. ಗಿಡ್ಡ ಆಳು. ಹತ್ತಿರ ಹೋದಾಗ ಹಲಗೆ ಎತ್ತರ ಅನ್ನಿಸುತ್ತದೆ. ಹಾರುವುದನ್ನು ಬಿಟ್ಟು ಒಂದು ಕಾಲನ್ನು ಅದರ ಮೇಲೆ ಇಟ್ಟು ನಿಲ್ಲುತ್ತಾನೆ. ಆ ಪಂದ್ಯ ಸ್ಕಾಟ್ಲೆಂಡ್ ಸೋತಿತು. ಮುಂದಿನದರಲ್ಲಿ ಉರುಗ್ವೆಯ ಬಟಿಸ್ಟಾ ಇದೇ ಸ್ಟ್ರಾಕನ್‌ನನ್ನು ಕೆಡವಿ 56ನೇ ಸೆಕೆಂಡಿಗೆ ಕೆಂಪು ಕಾರ್ಡ್ ಪಡೆದ. ಗೆದ್ದರೆ ಸಾಕಿತ್ತು, ಹತ್ತೇ ಜನರ ಎದುರು ಹೆಚ್ಚುಕಮ್ಮಿ ಇಡೀ ಪಂದ್ಯ ಆಡಿಯೂ ಸ್ಕಾಟ್ಲೆಂಡಿಗೆ ಒಂದು ಗೋಲು ದಕ್ಕಲಿಲ್ಲ. ಅಂಕಪಟ್ಟಿಯಲ್ಲಿ ಇದು ಬರೀ 0-0.

ಡೆನ್ಮಾರ್ಕಿಗೆ ಸೋತು ಎರಡನೆಯದಾದ ಜರ್ಮನಿಗೆ ಮೊರಾಕೊ ಸಿಕ್ಕಿತು, ಅಲ್ಲಿಂದ ಫೈನಲ್ ತನಕ ನಡೆಯಿತು. ಗೆದ್ದ ಡೆನ್ಮಾರ್ಕಿಗೆ ಸಿಕ್ಕಿದ್ದು ಸ್ಪೇನ್. ಮೊದಲ ಗೋಲು ಡೆನ್ಮಾರ್ಕಿನದೇ, ಜೆಸ್ಪರ್ ಓಲ್ಸೆನ್ ಹೊಡೆದ ಪೆನಾಲ್ಟಿ. ಹತ್ತು ನಿಮಿಷದಲ್ಲಿ ಅದೇ ಓಲ್ಸೆನ್ ತನ್ನ ಗೋಲಿನ ಮುಂದೆ ಚೆಂಡನ್ನು ಹಿಂದಕ್ಕೆ ತಳ್ಳಲು ಹೋಗಿ ಸೀದಾ ಬುತ್ರಗೆನ್ಯೊ ಕಾಲಿಗೇ ಕೊಟ್ಟ. ಅದೂ ಸೇರಿ ಬುತ್ರಗೆನ್ಯೊ ಒಬ್ಬನೇ ನಾಲ್ಕು ಹೊಡೆದ.

ಸ್ಪೇನ್ 5, ಡೆನ್ಮಾರ್ಕ್ 1 ಎಂದು ಮಾವನಿಗೆ ಓದಿ ಹೇಳಿದೆ.

“ಹಾಗಾದ್ರೆ ಆ ಆರು ಅಂಕ ಏನಾಯ್ತು?”

ನಾಕೌಟಿನಲ್ಲಿ ಹಿಂದಿನ ಅಂಕ ಹಿಡಿಯುವುದಿಲ್ಲ, ಪಟ್ಟಿಯೂ ಇರುವುದಿಲ್ಲ ಎಂದೆ. ಆರಂಭಿಕ ಶಿಲ್ಕೇ ಇಲ್ಲದ ವ್ಯವಹಾರ ಅವರಿಗೆ ಒಗ್ಗಲಿಲ್ಲ. ಅಡಿಕೆ ಧಾರಣೆಯ ಪುಟ ತೆಗೆದರು.