ಗಡಿಯಾಚೆಯ ಮನೆ

ಅಮೆರಿಕದ ಪ್ರಜೆಯಾಗಿ ಓಸಿಐ ಕಾರ್ಡು ಪಡೆದಿರುವ ನಮ್ಮ ಚಿಕ್ಕಪ್ಪನ ಮಗನಿಗೆ ಈ ಸೀಮೆಯಲ್ಲೊಂದು ಮನೆ ಬೇಕಿತ್ತು. ಇಬ್ಬರೂ ಹಿಂದೂಪುರಕ್ಕೆ ಹೋದೆವು. ಬೆಲ್ಲ, ಹುಣಸೆಹಣ್ಣಿನ ಪೇಟೆ. ಅಂಗಡಿಗಳಲ್ಲಿ ತೆಲುಗಿನ ಜೊತೆ ಕನ್ನಡವೂ ನಡೆಯುತ್ತದೆ. ಒಂದು ಮನೆ ನೋಡಿ ಕಲ್ಯಾಣದುರ್ಗಕ್ಕೆ ಹೊರಟೆವು. ಅಲ್ಲಿನ ಹಳೆಯ ಮನೆ, ಹಿಂದಿನ ಎರಡೆಕರೆ ಕಡಲೆಕಾಯಿ ಹೊಲ ಅವನ ಮನಸ್ಸಿಗೆ ಹಿಡಿದವು. “ಅಣ್ಣಾ, ಅಪ್ಪ ಬಯಸಿದ್ದು ಇಂಥದ್ದೇ” ಎಂದ.

ಪತ್ರ ಬರೆಯುವವರು ಬೇಡವೆಂದರು. ಓಸಿಐನವರು ಮನೆ, ನಿವೇಶನ ಕೊಳ್ಳಬಹುದು. ಸಾಗುವಳಿ ಜಮೀನು, ತೋಟದ ಮನೆ ಕೊಳ್ಳುವಂತಿಲ್ಲ. ಹಣವೂ ಬ್ಯಾಂಕಿನ ಮೂಲಕವೇ ಬರಬೇಕು.

“ಹೊಲ ನಿನ್ನ ಹೆಸರಿಗಿರಲಿ, ದುಡ್ಡು ನನ್ನದು” ಎಂದ ತಮ್ಮ. 1988ರ ಬೇನಾಮಿ ಕಾಯ್ದೆಯ ಮಾತಿರಲಿ, ನಾಳೆ ನಮ್ಮಿಬ್ಬರ ಮಕ್ಕಳು ಏನೆಂದಾರು? ನಾನು ಒಪ್ಪಲಿಲ್ಲ. ರಾಯದುರ್ಗದವರೆಗೂ ಅವನು ಮಾತಾಡಲಿಲ್ಲ. ಮರುವಾರ ಹಿಂದೂಪುರದ ಮನೆಯ ಋಣಭಾರ ಪತ್ರಕ್ಕೆ ಅರ್ಜಿ ಹಾಕಿದೆವು.